ಅಮೆರಿಕದ ಹಳೆಯ ದಾಖಲೆಗಳನ್ನು ಓದುವ ಬಗೆ: ವಸಾಹತು ಕಾಲದಿಂದ ಪುನರ್ನಿರ್ಮಾಣದವರೆಗೆ

1796ರ ಮೇ ತಿಂಗಳ ಕೊನೆಯ ವಾರ ಫಿಲಡೆಲ್ಫಿಯಾದ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಬಂತು. ಅಮೆರಿಕದ ಅಧ್ಯಕ್ಷರ ಮನೆಯಿಂದ ಓನಿ ಜಡ್ಜ್ ಎಂಬ ಹುಡುಗಿ ಪರಾರಿಯಾಗಿದ್ದಾಳೆ. ವಯಸ್ಸು ಸುಮಾರು 20. ಮುಖದ ಮೇಲೆ ಚುಕ್ಕೆಗಳು, ಕಡುಕಪ್ಪು ಕಣ್ಣು, ದಟ್ಟವಾದ ಕಪ್ಪು ಕೂದಲು, ತೆಳ್ಳಗಿನ ಮೈಕಟ್ಟು. ಊರಿನಲ್ಲಿ ಅಥವಾ ಬಂದರಿನ ಹಡಗಿನಲ್ಲಿ ಹಿಡಿದು ತಂದವರಿಗೆ 10 ಡಾಲರ್ ಬಹುಮಾನ. ಕೆಳಗೆ ಮನೆಯ ಮೇಲ್ವಿಚಾರಕ ಫ್ರೆಡರಿಕ್ ಕಿಟ್‌ನ ಹೆಸರು. ಅಧ್ಯಕ್ಷರು ಜಾರ್ಜ್ ವಾಷಿಂಗ್ಟನ್; ಓನಿ (ಓನಾ ಎಂದೂ ಕರೆಯುತ್ತಾರೆ) ಅವರ ಮನೆಯಲ್ಲಿ ಗುಲಾಮಳಾಗಿದ್ದವಳು.

ಇಂಥದೊಂದು ಕಾಗದ ಎದುರಿಗೆ ಬಂದಾಗ ಓದುಗರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಅದರಲ್ಲಿರುವುದನ್ನೆಲ್ಲ ನಿಜವೆಂದು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ; ಇಲ್ಲವಾದರೆ, ಬರೆಸಿದವನು ಗುಲಾಮರ ಒಡೆಯ, ಅವನ ಮಾತಿಗೇನು ಬೆಲೆ ಎಂದು ಪಕ್ಕಕ್ಕಿಡುತ್ತಾರೆ. ಎರಡರಲ್ಲೂ ನಷ್ಟ ನಮ್ಮದೇ. ಅಮೆರಿಕದ ವಸಾಹತು ಕಾಲದಿಂದ, ಅಂತರ್ಯುದ್ಧದ ನಂತರ ಸೋತ ದಕ್ಷಿಣವನ್ನು ಮತ್ತೆ ಕಟ್ಟಲು ಹೊರಟ, 1877ರಲ್ಲಿ ಮುಗಿದ ಪುನರ್ನಿರ್ಮಾಣ ಯುಗದವರೆಗಿನ ದಾಖಲೆಗಳನ್ನು ಓದಲು ಹೊರಟ ವಿದ್ಯಾರ್ಥಿಗೆ, ಅಲ್ಲಿನ ಶಾಲೆಯಲ್ಲಿ ಓದುವ ಮಕ್ಕಳ ಪಕ್ಕದಲ್ಲಿ ಕುಳಿತು ನೆರವಾಗುವ ಕನ್ನಡದ ತಂದೆತಾಯಿಯರಿಗೆ, ಸುಮ್ಮನೆ ಆಸಕ್ತಿಯಿಂದ ಓದುವವರಿಗೆ ನಾನು ಹೇಳಬೇಕೆಂದಿರುವುದು ಒಂದೇ ಮಾತು: ದಾಖಲೆ ಏನು ಹೇಳುತ್ತದೆ ಎಂದು ಕೇಳುವ ಮೊದಲು, ಅದನ್ನು ಯಾವ ಕೆಲಸ ಸಾಧಿಸಲು ಬರೆದರು ಎಂದು ಕೇಳಿ. ಉಳಿದ ಹೆಜ್ಜೆಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟುತ್ತವೆ.

ಮೊದಲು ಪೂರ್ತಿ ಓದಿ, ಕೈಯಾರೆ ನಕಲು ಮಾಡಿ

ಪಠ್ಯಪುಸ್ತಕಗಳು ದಾಖಲೆಯ ಎರಡು ಸಾಲು ಕತ್ತರಿಸಿ ಕೊಡುತ್ತವೆ. ಅಷ್ಟಕ್ಕೇ ನಿಲ್ಲಬೇಡಿ. ಪೂರ್ಣ ಪಾಠವನ್ನು, ಸಾಧ್ಯವಾದರೆ ಮೂಲದ ಚಿತ್ರವನ್ನು ಹುಡುಕಿ. ಚಿಕ್ಕದಾಗಿದ್ದರೆ ಇಡಿಯಾಗಿ ಕೈಯಲ್ಲಿ ಬರೆದುಕೊಳ್ಳಿ. ಕಣ್ಣು ಹಾರಿಸಿಬಿಡುವ ಸಾಲುಗಳನ್ನು ಕೈ ಹಾರಿಸುವುದಿಲ್ಲ.

ಎರಡು ತೊಡಕುಗಳು ಆರಂಭದಲ್ಲೇ ಎದುರಾಗುತ್ತವೆ. 18ನೇ ಶತಮಾನದ ಅಚ್ಚಿನಲ್ಲಿ ಇಂಗ್ಲಿಷಿನ ‘ಎಸ್’ ಅಕ್ಷರ ಹಲವು ಕಡೆ ‘ಎಫ್’ ಹಾಗೆ ಕಾಣುತ್ತದೆ. ಒಂದೆರಡು ಪುಟ ಓದಿದರೆ ಕಣ್ಣಿಗೆ ರೂಢಿಯಾಗುತ್ತದೆ. ಇನ್ನೊಂದು ತಾರೀಖು. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ; ದಿನದ ಲೆಕ್ಕವೂ 11 ದಿನ ಹಿಂದಿತ್ತು. ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರುವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರುವರಿ 22. ಆ ಕಾಲದ ಜನವರಿ, ಫೆಬ್ರುವರಿಯ ಕಾಗದಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವಾಗ ಇದನ್ನು ಮರೆತರೆ ಒಂದು ವರ್ಷವೇ ಹಿಂದೆಮುಂದಾಗುತ್ತದೆ.

ಯಾರು, ಯಾರಿಗೆ, ಏನಾಗಲೆಂದು

ಈಗ ಜಾಹೀರಾತಿಗೆ ಮರಳೋಣ. ಅದರ ಕೆಲಸ ಹುಡುಗಿಯನ್ನು ಹಿಡಿಸುವುದು. ಹಾಗಾಗಿ ಮೈಬಣ್ಣ, ಎತ್ತರ, ಕೂದಲಿನ ವಿಷಯದಲ್ಲಿ ಅದು ನಂಬಲರ್ಹ: ತಪ್ಪು ಗುರುತು ಕೊಟ್ಟರೆ ಕೊಟ್ಟವನಿಗೇ ನಷ್ಟ. ಓಡಿಹೋದವರ ಜಾಹೀರಾತುಗಳನ್ನು ಇತಿಹಾಸಕಾರರು ಅಷ್ಟೊಂದು ಆಸೆಯಿಂದ ಓದುವುದು ಇದಕ್ಕೇ. ಗುಲಾಮರು ಯಾವ ಭಾಷೆ ಮಾತಾಡುತ್ತಿದ್ದರು, ಯಾವ ಕಸುಬು ಬಲ್ಲವರಾಗಿದ್ದರು, ಬೆನ್ನ ಮೇಲೆ ಬಾಸುಂಡೆಯ ಗುರುತು ಇತ್ತೇ ಎಂಬುದನ್ನೆಲ್ಲ ಒಡೆಯರು ತಮಗರಿವಿಲ್ಲದೆ ನಮಗೆ ಹೇಳಿ ಹೋಗಿದ್ದಾರೆ.

ಆದರೆ ಅದೇ ಜಾಹೀರಾತಿನಲ್ಲಿ ಬೇರೆ ಬಗೆಯ ಸಾಲುಗಳೂ ಇವೆ. ಅವಳು ಹೋಗುತ್ತಾಳೆಂಬ ಅನುಮಾನವೇ ಇರಲಿಲ್ಲ, ಹೋಗಲು ಕಾರಣವೂ ಇರಲಿಲ್ಲ ಎನ್ನುತ್ತದೆ ಅದು. ಹುಡುಗಿಯನ್ನು ಹಿಡಿಯಲು ಈ ವಾಕ್ಯ ಬೇಕಾಗಿಲ್ಲ. ಇದು ಮನೆಯ ಮರ್ಯಾದೆ ಕಾಯಲು ಬರೆದ ಮಾತು. ಮುಂದೆ, ಅವಳು ಸ್ವತಂತ್ರ ಹೆಂಗಸೆಂದು ಹೇಳಿಕೊಂಡು ತಿರುಗಬಹುದು, ಹಡಗಿನ ಪ್ರಯಾಣಕ್ಕೆ ಬೇಕಾದ ಹಣವೂ ಅವಳ ಬಳಿ ಇದೆಯಂತೆ ಎಂದು ಬರುತ್ತದೆ. ಕಾರಣವೇ ಇಲ್ಲದೆ ಹೋದವಳ ಬಳಿ ಪ್ರಯಾಣದ ಹಣ ಹೇಗೆ ಬಂತು? ಒಂದೇ ಕಾಗದದೊಳಗೆ ಒಂದು ಸಾಲು ಇನ್ನೊಂದಕ್ಕೆ ಎದುರು ನಿಂತಿದೆ. ಇಂಥ ಬಿರುಕು ಕಂಡಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಓದು ನಿಜವಾಗಿ ಶುರುವಾಗುವುದು ಅಲ್ಲಿಂದ.

ಆದ್ದರಿಂದ ಪ್ರತಿ ವಾಕ್ಯಕ್ಕೂ ಬೇರೆಯಾಗಿ ಕೇಳಿ: ಇಲ್ಲಿ ಸುಳ್ಳು ಹೇಳಿದ್ದರೆ ಬರೆದವನಿಗೆ ಲಾಭವಿತ್ತೇ, ನಷ್ಟವಿತ್ತೇ? ಇಡೀ ದಾಖಲೆಗೆ ಒಂದೇ ಅಂಕ ಕೊಡುವುದು ಸೋಮಾರಿತನ.

ಪಕ್ಕದ ಕಾಗದವನ್ನು ತೆರೆಯಿರಿ

ವಾಷಿಂಗ್ಟನ್ ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು, ಅವರ ಪತ್ರಗಳು ಉಳಿದಿವೆ. ಪೆನ್ಸಿಲ್ವೇನಿಯಾ 1780ರಲ್ಲೇ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ಮಾಡಿತ್ತು. ಹೊರಗಿನಿಂದ ಬಂದು ನೆಲೆಸಿದ ಒಡೆಯ ತನ್ನ ಗುಲಾಮರನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಇಟ್ಟುಕೊಂಡರೆ ಅವರು ಬಿಡುಗಡೆ ಕೇಳಬಹುದಿತ್ತು. ಫಿಲಡೆಲ್ಫಿಯಾ ಆಗ ರಾಜಧಾನಿ. 1791ರ ಏಪ್ರಿಲ್ 12ರಂದು ವಾಷಿಂಗ್ಟನ್ ತಮ್ಮ ಕಾರ್ಯದರ್ಶಿ ಟೋಬಿಯಾಸ್ ಲಿಯರ್‌ಗೆ ಬರೆಯುತ್ತಾರೆ: ಗುಲಾಮರನ್ನು ಅವಧಿಗೆ ಮೊದಲೇ, ಗುಲಾಮಗಿರಿ ಗಟ್ಟಿಯಾಗಿದ್ದ ತಮ್ಮ ತವರು ವರ್ಜೀನಿಯಾಕ್ಕೆ ಕಳಿಸುವ ಕೆಲಸ, ಅವರಿಗೂ ಸಾರ್ವಜನಿಕರಿಗೂ ತಿಳಿಯದಂಥ ನೆಪದಲ್ಲಿ ಆಗಬೇಕು. ಇದು ಖಾಸಗಿ ಪತ್ರ, ಆಪ್ತನಿಗೆ ಬರೆದದ್ದು, ಅಚ್ಚಾಗಲೆಂದು ಬರೆದದ್ದಲ್ಲ. ‘ಹೋಗಲು ಕಾರಣವಿರಲಿಲ್ಲ’ ಎಂಬ ಜಾಹೀರಾತಿನ ಸಾಲನ್ನು ಇದರ ಪಕ್ಕದಲ್ಲಿಟ್ಟು ಓದಿ.

1796ರ ಸೆಪ್ಟೆಂಬರ್ 1ರಂದು ವಾಷಿಂಗ್ಟನ್ ಖಜಾನೆ ಕಾರ್ಯದರ್ಶಿ ಆಲಿವರ್ ವಾಲ್ಕಾಟ್‌ಗೆ ಬರೆದ ಪತ್ರದಲ್ಲಿ ಆ ಹುಡುಗಿಯನ್ನು ಸೇವಕಿಗಿಂತ ಮಗುವಿನಂತೆ ಬೆಳೆಸಿದ್ದೆವು, ಕೃತಘ್ನಳಾದಳು ಎಂಬ ದೂರಿದೆ. ಅಷ್ಟರಲ್ಲಿ ಅವಳು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿರುವುದು ಗೊತ್ತಾಗಿತ್ತು. ಅಲ್ಲಿನ ಸುಂಕದ ಅಧಿಕಾರಿ ಜೋಸೆಫ್ ವಿಪಲ್ ಅವಳ ಜೊತೆ ಮಾತಾಡಿ, ಮುಂದೆ ಬಿಡುಗಡೆ ಮಾಡುವ ಭರವಸೆ ಕೊಟ್ಟರೆ ಬರುತ್ತಾಳೆ ಎಂದು ತಿಳಿಸಿದ. ಅಂಥ ಒಪ್ಪಂದ ಸಾಧ್ಯವೇ ಇಲ್ಲ ಎಂದು ನವೆಂಬರ್ 28ರಂದು ವಾಷಿಂಗ್ಟನ್ ಉತ್ತರಿಸಿದರು. ಗಲಭೆಯಾಗುವಂತಿದ್ದರೆ ಬಲವಂತ ಬೇಡ ಎಂದೂ ಸೇರಿಸಿದರು. ಒಬ್ಬ ದಾಸಿ ದೇಶದ ಅಧ್ಯಕ್ಷರ ಎದುರು ಷರತ್ತು ಇಡುತ್ತಿದ್ದಾಳೆ. ಅಧ್ಯಕ್ಷರು ಊರಿನ ಜನಾಭಿಪ್ರಾಯಕ್ಕೆ ಅಂಜುತ್ತಿದ್ದಾರೆ. ಇವೆರಡನ್ನೂ ಯಾರೂ ನಮಗೆ ಹೇಳಲೆಂದು ಬರೆಯಲಿಲ್ಲ. ಪತ್ರಗಳನ್ನು ಸಾಲಾಗಿಟ್ಟಾಗ ಅವೇ ಮಾತಾಡುತ್ತವೆ.

ಅಧಿಕಾರವಿಲ್ಲದವರ ಮಾತು ಎಲ್ಲಿ ಸಿಗುತ್ತದೆ

ಓನಾ ಜಡ್ಜ್ ಕೊನೆಯವರೆಗೂ ಸಿಕ್ಕಿಬೀಳಲಿಲ್ಲ. 1848ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲೇ ತೀರಿಕೊಂಡಳು. ಅದಕ್ಕೆ ಮೊದಲು ಇಬ್ಬರು ಪಾದ್ರಿಗಳೊಡನೆ ಮಾತಾಡಿದ್ದಳು. ಒಂದು ಮಾತುಕತೆ 1845ರಲ್ಲಿ ‘ಗ್ರಾನೈಟ್ ಫ್ರೀಮನ್’ ಪತ್ರಿಕೆಯಲ್ಲೂ ಇನ್ನೊಂದು 1847ರ ಜನವರಿಯಲ್ಲಿ ‘ಲಿಬರೇಟರ್’ನಲ್ಲೂ ಬಂದವು. ಅವರೆಲ್ಲ ವರ್ಜೀನಿಯಾಕ್ಕೆ ಹೊರಡಲು ಗಂಟು ಕಟ್ಟುತ್ತಿದ್ದಾಗ ನಾನೂ ಹೊರಡಲು ಗಂಟು ಕಟ್ಟುತ್ತಿದ್ದೆ, ಎಲ್ಲಿಗೆಂದು ನನಗೇ ಗೊತ್ತಿರಲಿಲ್ಲ. ವರ್ಜೀನಿಯಾಕ್ಕೆ ಮರಳಿದರೆ ಬಿಡುಗಡೆ ಎಂದೂ ಸಿಗದು ಎಂಬುದು ಮಾತ್ರ ಗೊತ್ತಿತ್ತು ಎನ್ನುತ್ತಾಳೆ. ಫಿಲಡೆಲ್ಫಿಯಾದ ಕಪ್ಪು ಗೆಳೆಯರ ಮನೆಗೆ ಸಾಮಾನು ಮೊದಲೇ ಸಾಗಿಸಿದ್ದಳು. ವಾಷಿಂಗ್ಟನ್ ದಂಪತಿ ಊಟಕ್ಕೆ ಕುಳಿತಾಗ ಮನೆ ಬಿಟ್ಟಳು. ಕರೆದೊಯ್ದ ಹಡಗಿನ ನಾಯಕನಿಗೆ ಶಿಕ್ಷೆಯಾದೀತೆಂದು, ಅವನು ಸಾಯುವವರೆಗೂ ಅವನ ಹೆಸರು ಬಾಯಿಬಿಡಲಿಲ್ಲ.

ಇದನ್ನು ಓದಿದಾಗ ನನ್ನ ಮನಸ್ಸು ಪೂರ್ತಿ ಅವಳ ಕಡೆ ವಾಲುತ್ತದೆ. ಆದರೂ ಮೊದಲಿನ ಪ್ರಶ್ನೆಯನ್ನು ಇಲ್ಲೂ ಕೇಳಲೇಬೇಕು. ಎರಡೂ ಗುಲಾಮಗಿರಿ ವಿರೋಧಿ ಪತ್ರಿಕೆಗಳು. ಘಟನೆ ನಡೆದು ಅರ್ಧ ಶತಮಾನ ಕಳೆದಿದೆ. ಬರೆದುಕೊಂಡವರು ಬೇರೆಯವರು. ಇಷ್ಟೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅವಳ ಮಾತು ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಒಡೆಯರ ಕಾಗದಗಳೇ ಅದಕ್ಕೆ ಒತ್ತಾಸೆಯಾಗಿವೆ: ಹಣವಿತ್ತು, ಹಡಗು ಹತ್ತುವ ಸಾಧ್ಯತೆಯಿತ್ತು, ವರ್ಜೀನಿಯಾಕ್ಕೆ ಕಳಿಸುವ ತಂತ್ರವೂ ಇತ್ತು. ವಿರುದ್ಧ ಪಕ್ಷದವರ ದಾಖಲೆಗಳು ಒಂದೇ ಸಂಗತಿಗೆ ಸಾಕ್ಷಿ ನುಡಿದರೆ ಅದಕ್ಕಿಂತ ಬಲವಾದ ಆಧಾರ ಇತಿಹಾಸದಲ್ಲಿ ಅಪರೂಪ.

ಕೇಳಿದವರು ಯಾರು ಎಂಬುದು ಎಷ್ಟು ಮುಖ್ಯವೆಂದು ತಿಳಿಯಲು ಚಾರ್ಲ್ಸ್‌ಟನ್‌ನ ಒಂದು ಉದಾಹರಣೆ ಸಾಕು. 1936ರಿಂದ 1938ರವರೆಗೆ ಸರ್ಕಾರಿ ಯೋಜನೆಯೊಂದರಲ್ಲಿ, ಗುಲಾಮಗಿರಿಯನ್ನು ಕಂಡುಂಡ 2,000ಕ್ಕೂ ಹೆಚ್ಚು ವೃದ್ಧರ ನೆನಪುಗಳನ್ನು ದಾಖಲಿಸಿದರು. ಅಲ್ಲಿ ಒಬ್ಬ ಅಜ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದ್ದಾರೆ. ಬಿಳಿಯ ಹೆಂಗಸಿನ ಎದುರು ಅಜ್ಜಿ ಒಡೆಯ ಒಳ್ಳೆಯವನೆಂದಳು. ಕಪ್ಪು ಸಂದರ್ಶಕನ ಎದುರು ಚಾಟಿಯೇಟು, ತಾಯಿಮಕ್ಕಳನ್ನು ಅಗಲಿಸಿದ ಮಾರಾಟ, ಎಲ್ಲವನ್ನೂ ಹೇಳಿದಳು. ಬಿಳಿಯರಿಗೆ ಎದುರಾಡಿದರೆ ಅಪಾಯವಿದ್ದ ಕಾಲ ಅದು, ಆರ್ಥಿಕ ಕುಸಿತದ ದಿನಗಳೂ ಹೌದು. ಬಂದವರು ಪಿಂಚಣಿ ಕೊಡಿಸಬಲ್ಲ ಅಧಿಕಾರಿಗಳಿರಬಹುದು ಎಂದುಕೊಂಡ ವೃದ್ಧರೂ ಇದ್ದರು.

ಒಂದೇ ಬಾಯಿ, ಎರಡು ಕಾಲ

ಬರೆದವನ ಮಾತು ವರ್ಷಗಳು ಉರುಳಿದಂತೆ ಬದಲಾಗಿದೆಯೇ ಎಂದೂ ನೋಡಿ. ವರ್ಜೀನಿಯಾದ ಇಂಗ್ಲಿಷ್ ವಸಾಹತಿನ ಮುಂದಾಳು ಜಾನ್ ಸ್ಮಿತ್ 1608ರಲ್ಲಿ ಪ್ರಕಟವಾದ ವರದಿಯಲ್ಲಿ ತಾನು ಮೂಲನಿವಾಸಿಗಳ ದೊರೆ ಪೌಹಾಟನ್‌ನ ಸೆರೆಯಾದದ್ದನ್ನು ಹೇಳುತ್ತಾನೆ; ದೊರೆಯ ಮಗಳು ಪೊಕಹಾಂಟಸ್ ಅಡ್ಡಬಂದು ತಲೆ ಉಳಿಸಿದಳೆಂಬ ಪ್ರಸಂಗ ಅಲ್ಲಿಲ್ಲ. ಅದು ವಿಸ್ತಾರವಾಗಿ ಕಾಣಿಸಿಕೊಳ್ಳುವುದು 1624ರ ಪುಸ್ತಕದಲ್ಲಿ. ಅಷ್ಟರಲ್ಲಿ ಅವಳು ಲಂಡನ್‌ನಲ್ಲಿ ಹೆಸರಾಗಿ ತೀರಿಕೊಂಡೂ ಆಗಿತ್ತು.

ಇದಕ್ಕಿಂತ ಗಂಭೀರವಾದದ್ದು, ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳಿಗೂ ಉತ್ತರಕ್ಕೂ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾರಣದ ಪ್ರಶ್ನೆ. 1861ರ ಜನವರಿಯಲ್ಲಿ ಒಕ್ಕೂಟ ಬಿಟ್ಟ ಮಿಸಿಸಿಪ್ಪಿ ತನ್ನ ಘೋಷಣೆಯಲ್ಲಿ, ತನ್ನ ನಿಲುವು ಗುಲಾಮಗಿರಿಯೊಂದಿಗೆ ಸಂಪೂರ್ಣ ಒಂದಾಗಿದೆ ಎಂದು ಬಾಯಿಬಿಟ್ಟು ಹೇಳಿತು. ಅದೇ ವರ್ಷ ಮಾರ್ಚ್ 21ರಂದು ಸವಾನಾದಲ್ಲಿ ದಕ್ಷಿಣದ ಉಪಾಧ್ಯಕ್ಷ ಅಲೆಗ್ಸಾಂಡರ್ ಸ್ಟೀಫನ್ಸ್, ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ ಎಂಬುದೇ ಹೊಸ ಸರ್ಕಾರದ ಮೂಲೆಗಲ್ಲು ಎಂದ. ಸೋತ ಮೇಲೆ ಸ್ಟೀಫನ್ಸ್, ದಕ್ಷಿಣದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ಇಬ್ಬರೂ ದೊಡ್ಡ ದೊಡ್ಡ ಗ್ರಂಥ ಬರೆದು, ಹೋರಾಟ ರಾಜ್ಯಗಳ ಹಕ್ಕಿನದು ಎಂದು ವಾದಿಸಿದರು. ಗೆಲ್ಲುವ ನಂಬಿಕೆಯಿಂದ, ತಮ್ಮವರನ್ನು ಹುರಿದುಂಬಿಸಲು ಆಡಿದ ಮಾತನ್ನೇ ನಾನು ಕಾರಣಕ್ಕೆ ಆಧಾರವಾಗಿ ಹಿಡಿಯುತ್ತೇನೆ. ನಂತರದ ಗ್ರಂಥಗಳು ಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಸೋತವರಿಗೆ ಏನು ಬೇಕಿತ್ತೆಂಬುದಕ್ಕೆ ಒಳ್ಳೆಯ ದಾಖಲೆ.

ಆ ವಾರ ಬೇರೆ ಏನು ನಡೆಯುತ್ತಿತ್ತು

ಅಧ್ಯಕ್ಷ ಲಿಂಕನ್ 1862ರ ಆಗಸ್ಟ್ 22ರಂದು ಪತ್ರಕರ್ತ ಹೊರೇಸ್ ಗ್ರೀಲಿಗೆ ಬರೆದ ಪತ್ರದ ಒಂದು ತುಂಡು ಎಲ್ಲೆಡೆ ಓಡಾಡುತ್ತದೆ: ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸಲು ಸಾಧ್ಯವಾದರೆ ಹಾಗೆಯೇ ಮಾಡುತ್ತೇನೆ. ಇದನ್ನು ಓದಿ ಲಿಂಕನ್‌ಗೆ ಗುಲಾಮರ ಗೊಡವೆ ಇರಲಿಲ್ಲ ಎಂದು ತೀರ್ಪು ಕೊಡುವವರು ಬಹಳ.

ಪಂಚಾಂಗ ತೆಗೆದು ನೋಡಿ. ಜುಲೈ 22ರಂದೇ ಲಿಂಕನ್, ದಂಗೆಯೆದ್ದ ರಾಜ್ಯಗಳ ಗುಲಾಮರನ್ನು ಬಿಡಿಸುವ ವಿಮೋಚನಾ ಘೋಷಣೆಯ ಕರಡನ್ನು ಮಂತ್ರಿಮಂಡಲದ ಮುಂದೆ ಓದಿಯಾಗಿತ್ತು. ಯುದ್ಧದಲ್ಲಿ ಒಂದು ಗೆಲುವು ಸಿಗುವವರೆಗೆ ಕಾಯಲು ವಿದೇಶಾಂಗ ಮಂತ್ರಿ ಸೀವರ್ಡ್ ಸಲಹೆ ಕೊಟ್ಟಿದ್ದ. ಪತ್ರ ಬರೆದ ಒಂದು ತಿಂಗಳಿಗೆ, ಸೆಪ್ಟೆಂಬರ್ 22ರಂದು, ಪ್ರಾಥಮಿಕ ಘೋಷಣೆ ಹೊರಬಿತ್ತು. ಪತ್ರ ಗ್ರೀಲಿಯ ಹೆಸರಿಗಿದ್ದರೂ ಅಚ್ಚಾಗಿ ಇಡೀ ಉತ್ತರದ ಜನರನ್ನು ತಲುಪಲೆಂದೇ ಬರೆದದ್ದು. ಮುಂದಿನ ಹೆಜ್ಜೆಯನ್ನು ಒಕ್ಕೂಟ ಉಳಿಸುವ ಹೆಸರಿನಲ್ಲಿ ಒಪ್ಪಿಸುವುದೇ ಅದರ ಕೆಲಸ ಎಂದು ನಾನು ಓದುತ್ತೇನೆ. ಕೊನೆಯ ಸಾಲಿನಲ್ಲಿ, ಎಲ್ಲೆಡೆಯ ಎಲ್ಲ ಮನುಷ್ಯರೂ ಸ್ವತಂತ್ರರಾಗಲಿ ಎಂಬ ವೈಯಕ್ತಿಕ ಬಯಕೆ ಬದಲಾಗಿಲ್ಲ ಎಂದೂ ಇದೆ. ತುಂಡು ಹಂಚುವವರು ಆ ಸಾಲನ್ನು ಬಿಟ್ಟಿರುತ್ತಾರೆ.

ಅದೇ ವರ್ಷದ ಇನ್ನೊಂದು ತುದಿ ನಮ್ಮ ಕಡೆಗಿದೆ. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಲ್ಯಾಂಕಾಶೈರ್‌ನ ಗಿರಣಿಗಳು ಹತ್ತಿ ಇಲ್ಲದೆ ನಿಂತಾಗ, ಬ್ರಿಟಿಷರು ಧಾರವಾಡದ ಹತ್ತಿಯ ಕಡೆ ತಿರುಗಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಆ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕವೂ ಇತ್ತು. ಅಂತರ್ಯುದ್ಧದ ಆಕರಗಳು ಅಮೆರಿಕದಲ್ಲಷ್ಟೇ ಇವೆ ಎಂದುಕೊಳ್ಳಬೇಕಾಗಿಲ್ಲ.

ಚಿತ್ರಗಳನ್ನೂ ಹೀಗೆಯೇ

1770ರ ಮಾರ್ಚ್ 5ರಂದು ಬಾಸ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಐವರು ಬಲಿಯಾದರು. ಬಾಸ್ಟನ್‌ನ ಕೆತ್ತನೆಗಾರ ಪಾಲ್ ರಿವೀರ್ ಅದೇ ತಿಂಗಳು ಮಾರಾಟಕ್ಕಿಟ್ಟ ಚಿತ್ರ, ಹೆನ್ರಿ ಪೆಲ್ಹಮ್ ರಚಿಸಿದ ಚಿತ್ರದ ನಕಲು. ಅದರಲ್ಲಿ ಸೈನಿಕರು ಸಾಲಾಗಿ ನಿಂತು ನಾಯಕನ ಆಜ್ಞೆಗೆ ಒಟ್ಟಿಗೆ ಗುಂಡು ಹಾರಿಸುತ್ತಾರೆ. ಸುಂಕದ ಕಟ್ಟೆಯ ಮೇಲೆ ‘ಕಟುಕರ ಮನೆ’ ಎಂಬ ಫಲಕವಿದೆ. ಸತ್ತವರಲ್ಲಿ ಒಬ್ಬನಾದ, ಆಫ್ರಿಕನ್ ಮತ್ತು ಮೂಲನಿವಾಸಿ ಮೂಲದ ಕ್ರಿಸ್ಪಸ್ ಅಟಕ್ಸ್ ಗುರುತಿಗೇ ಸಿಗುವುದಿಲ್ಲ. ನ್ಯಾಯಾಲಯದ ಸಾಕ್ಷ್ಯಗಳಲ್ಲಿ ಸಿಗುವುದು ಹಿಮ, ಬಡಿಗೆ, ಬೈಗುಳ, ಗೊಂದಲ. ಜಾನ್ ಆಡಮ್ಸ್ ಸೈನಿಕರ ಪರ ವಾದಿಸಿದ ಆ ಮೊಕದ್ದಮೆಗಳಲ್ಲಿ ನಾಯಕ ಪ್ರೆಸ್ಟನ್ ಮತ್ತು ಆರು ಸೈನಿಕರು ಖುಲಾಸೆಯಾದರು, ಇಬ್ಬರ ಮೇಲೆ ಕೊಲೆಗಿಂತ ಕಡಿಮೆಯ ನರಹತ್ಯೆಯ ಆರೋಪ ಸಾಬೀತಾಯಿತು. ರಿವೀರ್ ಚಿತ್ರ ಅಂದಿನ ಘಟನೆಗೆ ದುರ್ಬಲ ಸಾಕ್ಷಿ. ಬಾಸ್ಟನ್‌ನವರು ಅದನ್ನು ಹೇಗೆ ನೆನಪಿಡಬೇಕೆಂದು ರಿವೀರ್ ಬಯಸಿದ ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ.

ಫೋಟೋ ಆದರೆ ನಂಬಬಹುದೇ? 1863ರ ಗೆಟಿಸ್‌ಬರ್ಗ್ ಕದನದ ನಂತರ ಅಲೆಗ್ಸಾಂಡರ್ ಗಾರ್ಡ್ನರ್ ತಂಡ ತೆಗೆದ ದಕ್ಷಿಣದ ಗುರಿಕಾರನ ಶವದ ಹೆಸರಾಂತ ಚಿತ್ರವಿದೆ. ಅದೇ ಶವ ಬೇರೆ ಜಾಗದಲ್ಲಿರುವ ಫೋಟೋಗಳೂ ಉಳಿದಿರುವುದರಿಂದ, ಅದನ್ನು ಬಂಡೆಗಳ ನಡುವೆ ಹೊತ್ತು ತಂದು ಇಟ್ಟದ್ದು ತಿಳಿದುಬಂತು.

ಬಿಟ್ಟುಹೋದ ಹೆಸರುಗಳು

1850 ಮತ್ತು 1860ರ ಜನಗಣತಿಯ ಗುಲಾಮ ಪಟ್ಟಿಗಳಲ್ಲಿ ಹೆಸರಿರುವುದು ಒಡೆಯನಿಗೆ. ಗುಲಾಮರಿಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಲಕ್ಷಾಂತರ ಜನ ತಮ್ಮ ಹೆಸರಿನಲ್ಲಿ ಜನಗಣತಿಗೆ ಬಂದದ್ದು 1870ರಲ್ಲಿ. ಹಾಗಾಗಿ ಒಂದು ಕುಟುಂಬದ ಜಾಡು ಹಿಡಿಯುವವರು 1870ರಿಂದ ಹಿಂದಕ್ಕೆ ಹೋಗಿ, ಒಡೆಯನ ಉಯಿಲು, ಆಸ್ತಿಪಟ್ಟಿ, ಮಾರಾಟ ಪತ್ರಗಳಲ್ಲಿ ವಯಸ್ಸು ಹೊಂದಿಸಿ ನೋಡಬೇಕು.

ಸಹಿಗಳನ್ನೂ ಪರೀಕ್ಷಿಸಿ. 1835ರ ಡಿಸೆಂಬರ್ 29ರ ನ್ಯೂ ಎಕೋಟ ಒಪ್ಪಂದದಲ್ಲಿ ಚೆರೊಕಿ ಎಂಬ ಮೂಲನಿವಾಸಿಗಳು ತಮ್ಮ ನೆಲ ಬಿಟ್ಟುಕೊಟ್ಟರೆಂದು ಬರೆದಿದೆ. ಸಹಿ ಹಾಕಿದವರು ಸಣ್ಣ ಗುಂಪು. ಪ್ರಧಾನ ಮುಖ್ಯಸ್ಥ ಜಾನ್ ರಾಸ್ ಅವರಲ್ಲಿಲ್ಲ, ಸಾವಿರಾರು ಚೆರೊಕಿಗಳು ಅದನ್ನು ವಿರೋಧಿಸಿ ಮನವಿ ಸಲ್ಲಿಸಿದರು.

ಪುನರ್ನಿರ್ಮಾಣದ ಕಾಗದಗಳು

ಯುದ್ಧ ಮುಗಿದ ಮೇಲೆ ಇದ್ದಕ್ಕಿದ್ದಂತೆ ಕಪ್ಪು ಜನರ ಮಾತು ದಾಖಲೆಗಳಲ್ಲಿ ತುಂಬಿಕೊಳ್ಳುತ್ತದೆ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

1865ರ ನವೆಂಬರ್‌ನಲ್ಲಿ ಮಿಸಿಸಿಪ್ಪಿ ಮಾಡಿದ ಕಾನೂನುಗಳನ್ನು ಮೊದಲು ಓದಿ. ಬಿಡುಗಡೆಯಾದವರು ಪ್ರತಿ ಜನವರಿಯಲ್ಲಿ ಉದ್ಯೋಗದ ಲಿಖಿತ ಪುರಾವೆ ತೋರಿಸಬೇಕು. ಅವಧಿಗೆ ಮೊದಲು ಕೆಲಸ ಬಿಟ್ಟರೆ ಆ ವರ್ಷದ ಕೂಲಿ ಹೋಯಿತು. ಅಲೆಮಾರಿಯೆಂದು ದಂಡ ಬಿದ್ದು ಐದು ದಿನದಲ್ಲಿ ಕಟ್ಟದಿದ್ದರೆ ಷೆರಿಫ್ ಅವನನ್ನು ಕೂಲಿಗೆ ಹರಾಜು ಹಾಕಬಹುದು. ಕಾನೂನು ಏನು ನಡೆಯಿತೆಂದು ಹೇಳುವುದಿಲ್ಲ, ಮಾಡಿದವರಿಗೆ ಯಾವುದರ ಭಯವಿತ್ತೆಂದು ಹೇಳುತ್ತದೆ. ಜನ ಕೆಲಸ ಬಿಟ್ಟು ಹೋಗುತ್ತಿರದಿದ್ದರೆ ಈ ಕಲಮು ಬೇಕಾಗುತ್ತಿರಲಿಲ್ಲ. ನಡೆದದ್ದನ್ನು ತಿಳಿಯಲು, ಬಿಡುಗಡೆಯಾದವರ ನೆರವಿಗೆ ಸರ್ಕಾರ ತೆರೆದಿದ್ದ ಫ್ರೀಡ್‌ಮನ್ಸ್ ಬ್ಯೂರೋ ಎಂಬ ಕಚೇರಿಯ ದೂರು ಪುಸ್ತಕಗಳು, ಕೂಲಿ ಕರಾರುಗಳನ್ನು ನೋಡಬೇಕು.

ಆಮೇಲೆ, ಜೋರ್ಡನ್ ಆಂಡರ್ಸನ್ ಪತ್ರ. ಟೆನೆಸಿಯ ಹಳೆಯ ಒಡೆಯ ಮರಳಿ ಬಾ ಎಂದು ಕರೆದಾಗ, ಓಹಾಯೋದ ಡೇಟನ್‌ನಿಂದ 1865ರ ಆಗಸ್ಟ್ 7ರಂದು ಹೇಳಿ ಬರೆಸಿದ ಉತ್ತರ. ನಾನು 32 ವರ್ಷ, ಹೆಂಡತಿ ಮ್ಯಾಂಡಿ 20 ವರ್ಷ ದುಡಿದಿದ್ದೇವೆ. ನನಗೆ ತಿಂಗಳಿಗೆ 25 ಡಾಲರ್, ಅವಳಿಗೆ ವಾರಕ್ಕೆ 2 ಡಾಲರ್ ಹಿಡಿದು 11,680 ಡಾಲರ್ ಕಳಿಸಿ, ನಿಮ್ಮ ಪ್ರಾಮಾಣಿಕತೆ ನೋಡುತ್ತೇವೆ ಎನ್ನುತ್ತಾನೆ. ಪತ್ರಿಕೆಗಳಲ್ಲಿ ಅಚ್ಚಾದ ಈ ಪತ್ರ ಅಸಲಿಯೇ ಎಂಬ ಅನುಮಾನ ಬರುವುದು ಸಹಜ. ಪರೀಕ್ಷೆ ಹೀಗೆ. ಮೊದಲು ಲೆಕ್ಕ: 25ನ್ನು 12ರಿಂದ, ಮತ್ತೆ 32ರಿಂದ ಗುಣಿಸಿದರೆ 9,600, 2ನ್ನು 52ರಿಂದ, ಮತ್ತೆ 20ರಿಂದ ಗುಣಿಸಿದರೆ 2,080, ಕೂಡಿದರೆ ಸರಿಯಾಗಿ 11,680. ಯಾರೋ ಕುಳಿತು ನಿಜವಾಗಿ ಲೆಕ್ಕ ಹಾಕಿದ್ದಾರೆ. ಹಣ ಕಳಿಸಲು ಕೊಟ್ಟ ಡೇಟನ್‌ನ ವಿಂಟರ್ಸ್ ಎಂಬ ಹೆಸರು ಅಲ್ಲಿನ ಬ್ಯಾಂಕರ್‌ನದು. 1870ರ ಜನಗಣತಿಯಲ್ಲಿ ಆಂಡರ್ಸನ್ ಕುಟುಂಬ ಡೇಟನ್‌ನಲ್ಲೇ ಸಿಗುತ್ತದೆ. ಪದಜೋಡಣೆಯಲ್ಲಿ ಬರೆದುಕೊಂಡವರ ಕೈ ಎಷ್ಟಿದೆ ಎಂಬ ಪ್ರಶ್ನೆ ಉಳಿದರೂ ಮನುಷ್ಯ ನಿಜ, ಬೇಡಿಕೆ ನಿಜ. ಪತ್ರದ ಹರಿತವಾದ ಹಾಸ್ಯದ ನಡುವೆ ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಬರುವಲ್ಲಿ ನಿಧಾನವಾಗಿ ಓದಿ. ಹಣದ ಮಾತಿಗಿಂತ ಭಾರವಾದದ್ದು ಅಲ್ಲಿದೆ.

1871ರಲ್ಲಿ, ಕಪ್ಪು ಜನರನ್ನು ಬೆದರಿಸುತ್ತಿದ್ದ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್‌ನ ಹಿಂಸಾಚಾರದ ಬಗ್ಗೆ ಕಾಂಗ್ರೆಸ್ ಸಮಿತಿ ನಡೆಸಿದ ವಿಚಾರಣೆ 13 ಸಂಪುಟಗಳಲ್ಲಿ ಅಚ್ಚಾಗಿದೆ. ಜಾರ್ಜಿಯಾದ ಕಪ್ಪು ಶಾಸಕ ಏಬ್ರಾಮ್ ಕೋಲ್ಬಿ ತನ್ನನ್ನು 1869ರ ಅಕ್ಟೋಬರ್ 29ರಂದು ಹಾಸಿಗೆಯಿಂದ ಎಳೆದೊಯ್ದು ಗಂಟೆಗಟ್ಟಲೆ ಥಳಿಸಿದ್ದನ್ನು ಹೇಳುತ್ತಾನೆ. ಅದಕ್ಕೆ ಎರಡು ದಿನ ಮೊದಲು ಪಕ್ಷ ಬದಲಿಸಲು 5,000 ಡಾಲರ್ ಆಸೆ ತೋರಿಸಿದ್ದರು. ಹೊಡೆದವರಲ್ಲಿ ವಕೀಲ, ವೈದ್ಯ, ರೈತರಿದ್ದರು ಎನ್ನುತ್ತಾನೆ. ಇಲ್ಲಿ ಉತ್ತರಗಳಷ್ಟೇ ಗಮನದಿಂದ ಪ್ರಶ್ನೆಗಳನ್ನು ಓದಿ. ಸಮಿತಿಯಲ್ಲಿ ಎರಡೂ ಪಕ್ಷದವರಿದ್ದರು. ಒಬ್ಬರು ಸಾಕ್ಷಿಯ ಬಾಯಿಂದ ಮಾತು ಹೊರಡಿಸಲು, ಇನ್ನೊಬ್ಬರು ಅವನನ್ನು ಅಲುಗಾಡಿಸಲು ಕೇಳುತ್ತಾರೆ.

ಬರೆದಿಡುವಾಗ, ಹುಡುಕುವಾಗ

ಪುಟವನ್ನು ಮೂರು ಭಾಗ ಮಾಡಿಕೊಳ್ಳಿ: ದಾಖಲೆಯಲ್ಲಿ ಅಕ್ಷರಶಃ ಇರುವುದು, ಅದರಿಂದ ನೀವು ಊಹಿಸಿದ್ದು, ಊಹೆಯನ್ನು ಪರೀಕ್ಷಿಸಲು ಬೇಕಾದ ಇನ್ನೊಂದು ಕಾಗದ. ಮೂರನೆಯ ಭಾಗ ಖಾಲಿ ಇದ್ದರೆ ಪ್ರಬಂಧ ಬರೆಯಲು ಇನ್ನೂ ಸಮಯವಾಗಿಲ್ಲ.

ವಾಷಿಂಗ್ಟನ್, ಜೆಫರ್ಸನ್, ಆಡಮ್ಸ್ ಮುಂತಾದವರ ಪತ್ರಗಳು ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ಉಚಿತ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ದಲ್ಲಿ ಹಳೆಯ ಪತ್ರಿಕೆಗಳ ಪುಟಗಳು, ಅದರ ಇತರ ಸಂಗ್ರಹಗಳಲ್ಲಿ ಲಿಂಕನ್ ಕಾಗದಗಳು ಮತ್ತು 1930ರ ದಶಕದ ಸಂದರ್ಶನಗಳು ಸಿಗುತ್ತವೆ. ಫ್ರೀಡ್‌ಮನ್ಸ್ ಬ್ಯೂರೋದ ಕಾಗದಗಳು ಸ್ಕ್ಯಾನ್ ಆಗಿವೆ. ಅವುಗಳ ಕೈಬರಹವನ್ನು ಓದಿ ಟೈಪ್ ಮಾಡುವ ಕೆಲಸವನ್ನು ಸ್ಮಿತ್‌ಸೋನಿಯನ್ ಸಂಸ್ಥೆಯ ಲಿಪ್ಯಂತರ ಕೇಂದ್ರ ಸ್ವಯಂಸೇವಕರಿಂದ ಮಾಡಿಸುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತವರೂ ಒಂದು ಪುಟ ಕೈಗೆತ್ತಿಕೊಳ್ಳಬಹುದು. ಆರಂಭಕ್ಕೆ ಕೂಲಿ ಕರಾರುಗಳನ್ನು ಆರಿಸಿಕೊಳ್ಳಿ: ಒಕ್ಕಣೆ ಬಹುತೇಕ ಒಂದೇ ಬಗೆಯದಾದ್ದರಿಂದ ಕೈಬರಹ ಬೇಗ ಹಿಡಿತಕ್ಕೆ ಸಿಗುತ್ತದೆ, ಸಹಿಯ ಜಾಗದಲ್ಲಿ ಬರೆಯಲು ಬಾರದವರು ಹಾಕಿದ ಗುಣಾಕಾರ ಚಿಹ್ನೆಯ ಪಕ್ಕ ಒಂದೊಂದು ಹೆಸರಿರುತ್ತದೆ. ಆ ಹೆಸರನ್ನು 1870ರ ಜನಗಣತಿಯಲ್ಲಿ ಹುಡುಕಿ ನೋಡಿ.